ಹೂ ಬಿಟ್ಟರೂ ಕಾಯಿ ಕಟ್ಟದ ಸೀತಾಫಲ: ಬೆಂಗಳೂರಿನ ಮನೆಯಂಗಳದ ಗಿಡದಲ್ಲಿ ದೋಷ ಹುಡುಕುವ ಬಗೆ

ಸೀತಾಫಲದ ಗಿಡ ಹಣ್ಣು ಕೊಡುತ್ತಿಲ್ಲ ಎನ್ನುವವರನ್ನು ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಅದು ಯಾವ ಹಂತದಲ್ಲಿ ನಿಂತುಹೋಯಿತು? ಮೊಗ್ಗೇ ಬರಲಿಲ್ಲವೇ, ಹೂ ಅರಳಿ ಉದುರಿತೇ, ಹೀಚು ಕಟ್ಟಿದ ಮೇಲೆ ಕಪ್ಪಾಯಿತೇ, ಅಥವಾ ಕಾಯಿ ಬಲಿತ ಮೇಲೆ ಕೆಟ್ಟಿತೇ? ಈ ನಾಲ್ಕಕ್ಕೂ ಕಾರಣಗಳು ಬೇರೆ ಬೇರೆ, ಪರಿಹಾರಗಳೂ ಬೇರೆ ಬೇರೆ. ಉತ್ತರ ಗೊತ್ತಿಲ್ಲದೆ ಔಷಧದ ಅಂಗಡಿಯ ಮೆಟ್ಟಿಲು ಹತ್ತಿದರೆ ಅಂಗಡಿಯವರು ಯಾವುದಾದರೊಂದು ಬಾಟಲಿ ಕೊಟ್ಟೇ ಕೊಡುತ್ತಾರೆ. ಹಾಗೆ ಕೊಂಡು ತಂದು ಸಿಂಪಡಿಸುತ್ತ ನಾನೇ ಮೂರು ವರ್ಷ ಕಳೆದಿದ್ದೇನೆ. ನನ್ನ ಗಿಡಕ್ಕೆ ಆಗ ಯಾವ ರೋಗವೂ ಇರಲಿಲ್ಲ, ಹೂವಿಗೆ ಪರಾಗ ಸಿಗುತ್ತಿರಲಿಲ್ಲ ಅಷ್ಟೇ ಎಂಬುದು ನಾಲ್ಕನೆಯ ವರ್ಷ ತಿಳಿಯಿತು.

ಮೂವತ್ತು–ನಲವತ್ತರ ಸೈಟಿನಲ್ಲಿ, ಮನೆಯ ಗೋಡೆಗೂ ಕಾಂಪೌಂಡಿಗೂ ನಡುವೆ ಉಳಿದ ಪಟ್ಟಿಯಲ್ಲಿ ಬೆಳೆದಿರುವ ಒಂದೆರಡು ಗಿಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ತೋಟದಲ್ಲಿ ನೂರು ಗಿಡ ಇರುವವರ ಲೆಕ್ಕಾಚಾರ ಬೇರೆ. ಮನೆಯಂಗಳದಲ್ಲಿ ಒಂದೇ ಗಿಡ ಇರುವುದರಿಂದ ಪ್ರತಿಯೊಂದು ಹೂವನ್ನೂ ಬಗ್ಗಿ ನೋಡುವ ಅನುಕೂಲ ನಮಗಿದೆ, ಮತ್ತು ದೋಷ ಹುಡುಕುವುದಕ್ಕೆ ಅದಕ್ಕಿಂತ ದೊಡ್ಡ ಸಾಧನ ಬೇಕಿಲ್ಲ. ಒಂದು ಹಳೆಯ ಕ್ಯಾಲೆಂಡರಿನಲ್ಲಿ ಚಿಗುರು ಬಂದ ದಿನ, ಮೊದಲ ಹೂವಿನ ದಿನ, ಮಳೆ ಬಿದ್ದ ದಿನ, ಹೀಚು ಕಂಡ ದಿನ ಇಷ್ಟನ್ನು ಗುರುತು ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇದು ದೋಷವೇ ಎಂಬುದನ್ನು ಮೊದಲು ನೋಡಿ

ಒಂದು ಜನವರಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಆಚೆಯಿಂದ, "ಏನಪ್ಪಾ, ಸೀತಾಫಲದ ಗಿಡ ಒಣಗಿಹೋಯ್ತಲ್ಲ, ಕಡಿಸಿಬಿಡು, ಬಿಸಿಲಾದ್ರೂ ಬರುತ್ತೆ" ಎಂದರು. ಗಿಡ ನೋಡುವುದಕ್ಕೆ ನಿಜವಾಗಿಯೂ ಹಾಗೆಯೇ ಇತ್ತು. ಎಲೆಯೊಂದೂ ಇರಲಿಲ್ಲ, ಬೂದು ಬಣ್ಣದ ಕಡ್ಡಿಗಳು ಮಾತ್ರ. ಆದರೆ ಸೀತಾಫಲ ಎಲೆ ಉದುರಿಸುವ ಜಾತಿಯ ಗಿಡ. ಬೆಂಗಳೂರಿನಲ್ಲಿ ಡಿಸೆಂಬರಿನ ಚಳಿ ಮತ್ತು ಅದರ ಹಿಂದೆಯೇ ಬರುವ ಒಣ ಹವೆಯಲ್ಲಿ ಅದು ಎಲೆ ಕಳಚಿ, ಎರಡು ಮೂರು ತಿಂಗಳು ವಿಶ್ರಾಂತಿ ಪಡೆದು, ಬಿಸಿಲೇರಿದಂತೆ ಮತ್ತೆ ಚಿಗುರುತ್ತದೆ. ಈ ಅವಧಿಯಲ್ಲಿ ಗಾಬರಿಯಾಗಿ ದಿನವೂ ಕೊಡಗಟ್ಟಲೆ ನೀರು ಹೊಯ್ಯುವುದರಿಂದ ಗಿಡಕ್ಕೆ ಲಾಭವಿಲ್ಲ. ಕೆಲಸವಿಲ್ಲದ ಬೇರು ನೆನೆದು ಕೊಳೆಯುವ ಅಪಾಯವೇ ಹೆಚ್ಚು.

ಗಿಡ ಸತ್ತಿದೆಯೋ ಮಲಗಿದೆಯೋ ತಿಳಿಯಲು ಬೆರಳಿನಷ್ಟು ದಪ್ಪದ ಕೊಂಬೆಯ ತೊಗಟೆಯನ್ನು ಉಗುರಿನಿಂದ ಒಂದಿಷ್ಟು ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಜೀವವಿದೆ. ಕಂದಾಗಿ ಒಣಗಿದ್ದರೆ ಇನ್ನೂ ಕೆಳಗೆ, ಕಾಂಡದ ಕಡೆಗೆ ಬಂದು ಕೆರೆಯಿರಿ. ತುದಿಯ ಕಡ್ಡಿಗಳು ಸತ್ತು ಬುಡ ಹಸಿರಾಗಿರುವುದು ಸಾಮಾನ್ಯ, ಅಲ್ಲಿಯವರೆಗೆ ಕತ್ತರಿಸಿದರೆ ಸಾಕು. ಏಪ್ರಿಲ್ ಕೊನೆಯಾದರೂ, ಭರಣಿ ಮಳೆ ಬಿದ್ದರೂ ಒಂದು ಕಣ್ಣೂ ಒಡೆಯದಿದ್ದರೆ ಆಗ ಚಿಂತಿಸಬೇಕು, ಅದಕ್ಕೆ ಮುಂಚೆ ಬೇಡ.

ಚಿಗುರಿದೆ, ಹೂವೇ ಇಲ್ಲ

ಇಲ್ಲಿ ಮೊದಲ ಪ್ರಶ್ನೆ ವಯಸ್ಸು. ಬೀಜದಿಂದ ಬಂದ ಗಿಡ ಸಾಮಾನ್ಯವಾಗಿ ಮೂರು ನಾಲ್ಕು ವರ್ಷಕ್ಕೆ ಹೂ ಬಿಡುತ್ತದೆ, ಕಸಿ ಗಿಡ ಅದಕ್ಕಿಂತ ಬೇಗ. ಕಸಿ ಎಂದು ಹೇಳಿ ಬೀಜದ ಗಿಡವನ್ನೇ ಮಾರುವವರು ಇದ್ದಾರೆ, ನನಗೂ ಒಬ್ಬರು ಹಾಗೆ ಮಾರಿದ್ದಾರೆ. ಬುಡದಿಂದ ಗೇಣುದ್ದದೊಳಗೆ ಕಾಂಡದಲ್ಲಿ ಒಂದು ಗಂಟು ಅಥವಾ ಓರೆ, ಅದರ ಮೇಲೆ ಕೆಳಗೆ ತೊಗಟೆಯ ವ್ಯತ್ಯಾಸ ಕಂಡರೆ ಕಸಿ. ಬುಡದಿಂದ ತುದಿಯವರೆಗೆ ಒಂದೇ ನಯವಿದ್ದರೆ ಬೀಜದ ಗಿಡ. ಕಸಿಯ ಗಂಟಿನ ಕೆಳಗಿನಿಂದ ಹೊರಟ ಚಿಗುರನ್ನು ತೆಗೆಯದೆ ಬಿಟ್ಟರೆ ಮೇಲಿನ ಒಳ್ಳೆಯ ತಳಿ ಸೊರಗಿ ಕೆಳಗಿನದೇ ಗಿಡವಾಗುತ್ತದೆ ಎಂಬುದನ್ನೂ ಇಲ್ಲಿಯೇ ಪರೀಕ್ಷಿಸಿಕೊಳ್ಳಬೇಕು.

ಎರಡನೆಯದು ಬಿಸಿಲು. ನಾವು ಗಿಡ ನೆಟ್ಟಾಗ ಪಕ್ಕದ ಸೈಟು ಖಾಲಿಯಿರುತ್ತದೆ, ಐದು ವರ್ಷದಲ್ಲಿ ಅಲ್ಲಿ ನಾಲ್ಕು ಅಂತಸ್ತು ಏಳುತ್ತದೆ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳದ ಗಿಡ ಉದ್ದವಾಗಿ, ತೆಳ್ಳಗೆ, ಬೆಳಕಿನ ಕಡೆ ವಾಲಿ ಬೆಳೆಯುತ್ತದೆಯೇ ಹೊರತು ಹೂ ಬಿಡುವುದಿಲ್ಲ. ಇದಕ್ಕೆ ಯಾವ ಗೊಬ್ಬರವೂ ಮದ್ದಲ್ಲ. ಮೂರನೆಯದು ಅತಿಯಾದ ಉಪಚಾರ: ಯೂರಿಯಾ ಅಥವಾ ಹಸಿ ಸಗಣಿಯನ್ನು ಧಾರಾಳವಾಗಿ ಹಾಕಿದರೆ ಅಂಗೈಯಗಲದ ಕಡು ಹಸಿರು ಎಲೆಗಳು ಬಂದು ನೋಡುವವರ ಕಣ್ಣು ತಣಿಯುತ್ತದೆ, ಹೂ ಮಾತ್ರ ಬರುವುದಿಲ್ಲ.

ನಾಲ್ಕನೆಯ ಕಾರಣ ಸೀತಾಫಲಕ್ಕೆ ವಿಶೇಷವಾದದ್ದು, ಹೆಚ್ಚಿನವರಿಗೆ ಗೊತ್ತಿಲ್ಲದ್ದು. ಬೇರೆ ಗಿಡಗಳಲ್ಲಿ ಎಲೆಯ ಕಂಕುಳಲ್ಲಿ ಮೊಗ್ಗು ಎದ್ದು ಕಾಣುತ್ತದೆ. ಸೀತಾಫಲದಲ್ಲಿ ಆ ಕಣ್ಣು ಎಲೆಯ ತೊಟ್ಟಿನ ಬುಡದೊಳಗೆ ಅಡಗಿರುತ್ತದೆ, ಎಲೆ ಬಿದ್ದ ಮೇಲೆಯೇ ಅದಕ್ಕೆ ಹೊರಬರಲು ದಾರಿ. ಕಾಲ ತಪ್ಪಿ ಬಂದ ಚಳಿಗಾಲದ ಮಳೆಯಿಂದಲೋ, ನಾವು ಸುರಿದ ನೀರಿನಿಂದಲೋ ಹಳೆಯ ಎಲೆಗಳು ಉದುರದೆ ನಿಂತಿದ್ದರೆ ಆ ಕಣ್ಣುಗಳೆಲ್ಲ ಒಳಗೇ ಉಳಿಯುತ್ತವೆ. ಫೆಬ್ರವರಿಯಲ್ಲಿ ನೀರು ಕಡಿಮೆ ಮಾಡಿ, ತಿಂಗಳ ಕೊನೆಗೆ ಉಳಿದ ಎಲೆಗಳನ್ನು ಕೈಯಿಂದ ಕಿತ್ತು, ಕಳೆದ ವರ್ಷದ ಕೊಂಬೆಗಳ ತುದಿಯನ್ನು ಮೂರನೇ ಒಂದು ಭಾಗದಷ್ಟು ಸವರಿ, ಆಮೇಲೆ ಪಾತಿಗೆ ಎರಡು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಒಂದು ಕಿಲೋ ಬೇವಿನ ಹಿಂಡಿ ಕೊಟ್ಟು ನೀರು ಹಾಯಿಸಿದರೆ ಹೊಸ ಚಿಗುರಿನ ಜೊತೆಯಲ್ಲೇ ಹೂವೂ ಇಳಿಯುತ್ತದೆ.

ಹೂ ಉದುರುತ್ತದೆ, ಕಾಯಿ ಕಟ್ಟುವುದಿಲ್ಲ

ಬೆಂಗಳೂರಿನ ಮನೆಗಳಲ್ಲಿ ನಾನು ಕಂಡ ಸೀತಾಫಲದ ದೂರುಗಳಲ್ಲಿ ಬಹುಪಾಲು ಇದೇ. ಆದುದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಸೀತಾಫಲದ ಹೂ ನೋಡುವುದಕ್ಕೆ ಹೂವಿನಂತೆಯೇ ಇರುವುದಿಲ್ಲ. ಹಸಿರು ಮಿಶ್ರಿತ ಹಳದಿ ಬಣ್ಣದ, ದಪ್ಪನೆಯ, ಉದ್ದುದ್ದ ಮೂರು ದಳಗಳು ತಲೆ ಕೆಳಗಾಗಿ ನೇತಾಡುತ್ತವೆ. ಒಂದೇ ಹೂವಿನಲ್ಲಿ ಹೆಣ್ಣು ಭಾಗವೂ ಗಂಡು ಭಾಗವೂ ಇರುತ್ತವೆ, ಆದರೆ ಎರಡೂ ಒಂದೇ ಹೊತ್ತಿಗೆ ಸಿದ್ಧವಾಗುವುದಿಲ್ಲ. ದಳಗಳು ತುದಿಯಲ್ಲಿ ಸ್ವಲ್ಪವೇ ಬಿರಿದಾಗ ಒಳಗಿನ ಶಲಾಕೆಗಳು, ಅಂದರೆ ಹೆಣ್ಣು ಭಾಗದ ತುದಿಗಳು, ಅಂಟಂಟಾಗಿ ಪರಾಗವನ್ನು ಹಿಡಿದುಕೊಳ್ಳಲು ಸಿದ್ಧವಿರುತ್ತವೆ. ಮರುದಿನ ದಳಗಳು ಪೂರ್ತಿ ಅಗಲವಾಗುವ ಹೊತ್ತಿಗೆ ಶಲಾಕೆ ಒಣಗಿ, ಅದೇ ಹೂವಿನ ಕೇಸರಗಳು ಪರಾಗ ಉದುರಿಸುತ್ತವೆ. ಅಂದರೆ ಹೂ ತನ್ನ ಪರಾಗದಿಂದ ತಾನೇ ಫಲ ಕಟ್ಟುವುದು ಅಪರೂಪ. ಒಂದು ಹೂವಿನಿಂದ ಇನ್ನೊಂದಕ್ಕೆ ಪರಾಗ ಒಯ್ಯಬೇಕು, ಅದನ್ನು ಒಯ್ಯುವುದು ಜೇನುನೊಣವಲ್ಲ, ಕೊಳೆತ ಹಣ್ಣಿನ ವಾಸನೆಗೆ ಬರುವ ಸಾಸಿವೆ ಗಾತ್ರದ ಕಂದು ಜೀರುಂಡೆಗಳು. ಅಂಗಳಕ್ಕೆಲ್ಲ ಕಾಂಕ್ರೀಟು ಹಾಸಿ, ಬಿದ್ದ ಎಲೆಯನ್ನು ದಿನವೂ ಗುಡಿಸಿ, ವಾರಕ್ಕೊಮ್ಮೆ ಕೀಟನಾಶಕ ಹೊಡೆಯುವ ಮನೆಯಲ್ಲಿ ಆ ಜೀರುಂಡೆಗಳು ಉಳಿಯುವುದಾದರೂ ಎಲ್ಲಿ? ನನ್ನ ಮೂರು ವರ್ಷದ ಸಿಂಪಡಣೆ ಮಾಡಿದ್ದು ಇದನ್ನೇ: ಇಲ್ಲದ ರೋಗಕ್ಕೆ ಮದ್ದು ಹೊಡೆದು, ಇದ್ದ ಸಹಾಯವನ್ನೂ ಓಡಿಸಿದ್ದು.

ಇದರ ಮೇಲೆ ಹವೆಯ ಪಾತ್ರ. ಏಪ್ರಿಲ್ ತಿಂಗಳ ಒಣ ಗಾಳಿಯಲ್ಲಿ ಶಲಾಕೆಯ ಅಂಟು ಬೇಗ ಆರಿಹೋಗುತ್ತದೆ, ಆಗ ಪರಾಗ ಬಿದ್ದರೂ ಹಿಡಿಯುವುದಿಲ್ಲ. ಆದ್ದರಿಂದ ಮೊದಲ ಸುತ್ತಿನ ಹೂಗಳು ಉದುರುವುದನ್ನು ದೋಷವೆಂದು ಎಣಿಸಬೇಡಿ. ಮೇ ತಿಂಗಳ ಗುಡುಗು ಮಳೆಗಳಾಗಿ, ಮೃಗಶಿರಾ ಮಳೆಯ ಹೊತ್ತಿಗೆ ಗಾಳಿಯಲ್ಲಿ ತೇವ ನಿಂತ ಮೇಲೆ ಬರುವ ಹೂಗಳೇ ಹೆಚ್ಚಾಗಿ ಕಾಯಾಗುವುದು. ಜೂನ್ ಮತ್ತು ಜುಲೈ ತಿಂಗಳ ಹೂಗಳೂ ಉದುರಿದರೆ ಆಗ ಪರೀಕ್ಷೆ ಮಾಡಿ.

ಪರೀಕ್ಷೆಯೂ ಪರಿಹಾರವೂ ಒಂದೇ: ಕೈಯಿಂದ ಪರಾಗ ಮುಟ್ಟಿಸುವುದು. ಬೆಳಿಗ್ಗೆ ಆರರಿಂದ ಎಂಟರೊಳಗೆ, ದಳಗಳು ಪೂರ್ತಿ ಬಿಚ್ಚಿರುವ ಹೂಗಳನ್ನು ಹುಡುಕಿ, ಕೆಳಗೊಂದು ಒಣಗಿದ ಸ್ಟೀಲು ಬಟ್ಟಲು ಹಿಡಿದು ಬೆರಳಿನಿಂದ ತಟ್ಟಿ. ಸಿದ್ಧವಾದ ಹೂವಾದರೆ ಕೆನೆ ಬಣ್ಣದ ಕೇಸರಗಳು ಸಡಿಲವಾಗಿ ಬಟ್ಟಲಿಗೆ ಬೀಳುತ್ತವೆ, ಅವುಗಳ ಜೊತೆಗೆ ಪರಾಗದ ಹುಡಿಯೂ ಬರುತ್ತದೆ. ಮಕ್ಕಳು ಚಿತ್ರ ಬರೆಯುವ ಸಣ್ಣ ಕುಂಚವನ್ನು ಅದರಲ್ಲಿ ಹೊರಳಿಸಿ, ತುದಿ ಮಾತ್ರ ಬಿರಿದಿರುವ ಹೂವಿನ ದಳಗಳನ್ನು ಎರಡು ಬೆರಳಿನಿಂದ ಮೆಲ್ಲಗೆ ಅಗಲಿಸಿ, ಒಳಗಿನ ಗೋಪುರದಂತಹ ಭಾಗದ ಸುತ್ತಲೂ ಎರಡು ಮೂರು ಸಲ ತಿರುಗಿಸಿ. ಸುತ್ತಲೂ ಎಂಬುದು ಮುಖ್ಯ, ಯಾಕೆಂಬುದು ಮುಂದೆ ತಿಳಿಯುತ್ತದೆ. ಪರಾಗವನ್ನು ನಾಳೆಗೆಂದು ಎತ್ತಿಡಬೇಡಿ, ಅದರ ಶಕ್ತಿ ಕೆಲವು ಗಂಟೆಗಳದ್ದು. ಮುಟ್ಟಿಸಿದ ಹೂವಿನ ತೊಟ್ಟಿಗೆ ಒಂದು ಬಣ್ಣದ ದಾರ ಕಟ್ಟಿ, ತೆಳುವಾದ ಕಡ್ಡಿಗಳಲ್ಲಿರುವುದನ್ನು ಬಿಟ್ಟು ದಪ್ಪ ಕೊಂಬೆಗಳಲ್ಲಿರುವ ಇಪ್ಪತ್ತು ಹೂಗಳನ್ನು ಮಾತ್ರ ಆರಿಸಿಕೊಳ್ಳಿ.

ಹತ್ತು ದಿನ ಬಿಟ್ಟು ನೋಡಿ. ದಾರ ಕಟ್ಟಿದವುಗಳಲ್ಲಿ ಹಸಿರು ಗುಂಡಿಯಂತಹ ಹೀಚು ನಿಂತು, ಕಟ್ಟದವುಗಳು ಉದುರಿದ್ದರೆ ನಿಮ್ಮ ಗಿಡ ಆರೋಗ್ಯವಾಗಿದೆ, ಪರಾಗದ ಕೊರತೆ ಮಾತ್ರ ಇತ್ತು ಎಂದು ಖಚಿತವಾಯಿತು. ಎರಡೂ ಉದುರಿದ್ದರೆ ನೀರಿನ ಕಡೆ ನೋಡಬೇಕು. ಸೀತಾಫಲ ಬರ ತಡೆಯುವ ಗಿಡವೆಂಬುದು ನಿಜ, ಆದರೆ ಬದುಕಿ ಉಳಿಯುವುದು ಬೇರೆ, ಕಾಯಿ ಹೊರುವುದು ಬೇರೆ. ಹೂವಿನ ಕಾಲದಲ್ಲಿ ಪಾತಿ ಪೂರ್ತಿ ಒಣಗಿದರೆ ಗಿಡ ಮೊದಲು ಬಿಟ್ಟುಕೊಡುವುದು ಹೂವನ್ನೇ. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿದ್ದು ಬೆಂಗಳೂರಿನವರಿಗೆ ನೆನಪಿರಬೇಕು. ಆ ವರ್ಷ ನಾನು ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಇಷ್ಟರಿಂದಲೇ ಗಿಡ ಉಳಿಸಿಕೊಂಡೆ. ಪಾತಿಯ ಮೇಲೆ ನಾಲ್ಕು ಬೆರಳು ದಪ್ಪ ಒಣಗಿದ ತರಗೆಲೆ ಹೊದಿಸಿದ್ದರಿಂದ ವಾರಕ್ಕೆರಡು ಬಕೆಟ್ಟು ಸಾಲುತ್ತಿತ್ತು. ಆ ತರಗೆಲೆಯ ಹೊದಿಕೆಯಲ್ಲಿಯೇ ಜೀರುಂಡೆಗಳೂ ಮನೆ ಮಾಡಿಕೊಂಡವು ಎಂಬುದು ಅನಂತರ ಗಮನಕ್ಕೆ ಬಂದ ಲಾಭ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ 'ಅರ್ಕಾ ಸಹನ್' ತಳಿಯನ್ನು ನೆಟ್ಟವರಿಗೆ ಒಂದು ಮಾತು. ಅದು ಶುದ್ಧ ಸೀತಾಫಲವಲ್ಲ. ಅಟಿಮೋಯಾ ಎಂಬ ಮಿಶ್ರತಳಿಯ 'ಐಲ್ಯಾಂಡ್ ಜೆಮ್' ಮತ್ತು ಸೀತಾಫಲದ 'ಮ್ಯಾಮತ್' ಇವುಗಳ ಸಂಕರ. ಹಣ್ಣು ದೊಡ್ಡದು, ಬೀಜ ಕಡಿಮೆ, ಸಿಹಿ ಹೆಚ್ಚು. ಆದರೆ ಹತ್ತಿರದಲ್ಲಿ ಒಂದು ಮಾಮೂಲಿ ಸೀತಾಫಲದ ಗಿಡವಿದ್ದು ಅದರ ಪರಾಗವನ್ನು ಕೈಯಿಂದ ಮುಟ್ಟಿಸಿದರೆ ಫಲ ನಿಲ್ಲುವುದು ಹೆಚ್ಚು. ಹೂ ಉದುರುತ್ತದೆಂದು ಆ ತಳಿಯನ್ನು ಬೈದು ಕಿತ್ತುಹಾಕುವ ಮೊದಲು ಬೀದಿಯಲ್ಲಿ ಯಾರ ಮನೆಯಲ್ಲಿ ಹಳೆಯ ಸೀತಾಫಲವಿದೆ ಎಂದು ವಿಚಾರಿಸಿ, ನಾಲ್ಕು ಹೂ ಕೇಳಿ ತನ್ನಿ.

ಕಾಯಿ ಒಂದೇ ಕಡೆ ಊದಿ ಸೊಟ್ಟಗಾಗಿದೆ

ಇದನ್ನು ರೋಗವೆಂದು ತಿಳಿಯುವವರು ಬಹಳ. ಸೀತಾಫಲದ ಹಣ್ಣಿನ ಒಂದೊಂದು ಕಣ್ಣೂ ಹೂವಿನ ಒಂದೊಂದು ಬೇರೆ ಅಂಡಕೋಶದಿಂದ ಬೆಳೆದದ್ದು. ಯಾವುದಕ್ಕೆ ಪರಾಗ ತಲುಪಿತೋ ಅದು ಬೀಜ ಕಟ್ಟಿ ಊದುತ್ತದೆ, ತಲುಪದ್ದು ಚಪ್ಪಟೆಯಾಗಿ ಉಳಿಯುತ್ತದೆ. ಸೊಟ್ಟ ಕಾಯಿ ಎಂದರೆ ಅರ್ಧಂಬರ್ಧ ಪರಾಗಸ್ಪರ್ಶ, ಅಷ್ಟೇ. ತಿನ್ನುವುದಕ್ಕೆ ಅಡ್ಡಿಯಿಲ್ಲ. ಮುಂದಿನ ವರ್ಷ ಕುಂಚವನ್ನು ಸುತ್ತಲೂ ತಿರುಗಿಸಿ.

ಹೀಚು ಕಪ್ಪಾಗಿ ಗಿಡದಲ್ಲೇ ಒಣಗುತ್ತದೆ

ಇಲ್ಲಿ ಮೂರು ಬೇರೆ ತೊಂದರೆಗಳು ಹೊರನೋಟಕ್ಕೆ ಒಂದೇ ತರಹ ಕಾಣುತ್ತವೆ. ಕಪ್ಪಾದ ಎರಡು ಮೂರು ಕಾಯಿಗಳನ್ನು ಕಿತ್ತು, ಅಡ್ಡಲಾಗಿ ಚಾಕುವಿನಿಂದ ಸೀಳಿ ನೋಡದೆ ತೀರ್ಮಾನಕ್ಕೆ ಬರಬಾರದು.

ಅಡಿಕೆಯಿಂದ ನಿಂಬೆಹಣ್ಣಿನವರೆಗಿನ ಗಾತ್ರದಲ್ಲಿ ಬೆಳವಣಿಗೆ ನಿಂತು, ಕಂದುಗಪ್ಪಾಗಿ, ಕಲ್ಲಿನಂತೆ ಗಟ್ಟಿಯಾಗಿ ಕೊಂಬೆಗೆ ಅಂಟಿಕೊಂಡಿದ್ದು, ಒಳಗೆ ಹುಳುವೂ ತೂತೂ ಇಲ್ಲದಿದ್ದರೆ ಅದು ಕಲ್ಲುಕಾಯಿ. ಹೂವಿನ ಕಾಲದಲ್ಲಿ ಬಿಸಿ ಹೆಚ್ಚಾಗಿ ತೇವ ಕಡಿಮೆಯಾದಾಗ, ಮತ್ತು ಗಿಡ ತಾನು ಹೊರಲಾರದಷ್ಟು ಹೀಚು ಕಟ್ಟಿದಾಗ, ದುರ್ಬಲವಾದವು ಹೀಗಾಗುತ್ತವೆ. ಮದ್ದು ಬೇಡ. ಗುಂಪಾಗಿರುವ ಕಡೆ ಒಂದು ಬಿಟ್ಟು ಉಳಿದ ಹೀಚುಗಳನ್ನು ತೆಗೆದು, ನೀರನ್ನು ಸಮನಾಗಿ ಕೊಟ್ಟರೆ ಉಳಿದವು ದಪ್ಪವಾಗುತ್ತವೆ.

ಕಾಯಿಯ ತುದಿಯಿಂದ ಆರಂಭವಾಗಿ ಕಪ್ಪು ಮಚ್ಚೆ ಮೇಲಕ್ಕೆ ಹಬ್ಬಿ, ಸಿಪ್ಪೆ ಸುಕ್ಕುಗಟ್ಟಿ, ಎಲೆಗಳ ಮೇಲೂ ಕಂದು ಚುಕ್ಕೆಗಳಿದ್ದರೆ ಅದು ಚಿಬ್ಬು ರೋಗ, ಶಿಲೀಂಧ್ರದಿಂದ ಬರುವಂಥದ್ದು. ಬಿಡದೆ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿಯುವ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಇದು ಹೆಚ್ಚು. ಮೊದಲ ಕೆಲಸ ಒಣಗಿ ನೇತಾಡುವ ಹಳೆಯ ಕಾಯಿಗಳನ್ನೆಲ್ಲ ಬಿಡಿಸಿ ಅಂಗಳದಿಂದ ಹೊರಗೆ ಸಾಗಿಸುವುದು, ಏಕೆಂದರೆ ಮುಂದಿನ ವರ್ಷದ ರೋಗ ಅವುಗಳಲ್ಲೇ ಕುಳಿತಿರುತ್ತದೆ. ಗಿಡದ ನಡುವಿನ ದಟ್ಟ ಕೊಂಬೆಗಳನ್ನು ಸವರಿ ಗಾಳಿಯಾಡುವಂತೆ ಮಾಡಿ. ಅನಂತರವೂ ಬೇಕೆನಿಸಿದರೆ ಲೀಟರು ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಕರಗಿಸಿ, ಮಳೆಯಿಲ್ಲದ ದಿನ ನೋಡಿ ಒಮ್ಮೆ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸಬಹುದು.

ಕಾಯಿಯ ಮೇಲೆ ಸಣ್ಣ ತೂತಿದ್ದು, ಅದರ ಬಾಯಲ್ಲಿ ಮರದ ಹೊಟ್ಟಿನಂತಹ ಹಿಕ್ಕೆ ಅಂಟಿಕೊಂಡಿದ್ದರೆ ಕಾಯಿಕೊರಕ. ತೂತು ಮಾಡಿಕೊಂಡು ಒಳಹೊಕ್ಕ ಹುಳುವಿಗೆ ಮೇಲಿನಿಂದ ಏನು ಹೊಡೆದರೂ ತಲುಪುವುದಿಲ್ಲ. ಕೊರೆದ ಕಾಯಿಗಳನ್ನು ಕಿತ್ತು ಸೋಪಿನ ನೀರಿನ ಬಕೆಟ್ಟಿನಲ್ಲಿ ಒಂದು ದಿನ ಮುಳುಗಿಸಿಡಿ, ಉಳಿದ ಕಾಯಿಗಳು ನಿಂಬೆ ಗಾತ್ರದಲ್ಲಿರುವಾಗಲೇ ಹಳೆಯ ಮಲ್ ಪಂಚೆಯ ಚೀಲ ಕಟ್ಟಿ. ಈ ಚೀಲ ಹಣ್ಣಿನ ನೊಣಕ್ಕೂ ಮದ್ದು, ಅಳಿಲಿಗೂ ಒಂದಷ್ಟು ಮಟ್ಟಿಗೆ. ಬಾವಲಿಗೆ ಮಾತ್ರ ಅದು ಲೆಕ್ಕಕ್ಕೇ ಇಲ್ಲ. ಹತ್ತಿರದಲ್ಲಿ ದೊಡ್ಡ ಆಲವೋ ಮಳೆಮರವೋ ಇದ್ದರೆ ಒಂದೆರಡು ಹಣ್ಣು ಅವುಗಳ ಪಾಲು ಎಂದು ಬಿಟ್ಟುಬಿಡಿ.

ಬಿಳಿ ಹಿಟ್ಟು, ಕಪ್ಪು ಮಸಿ, ಇರುವೆ

ಕಾಯಿಯ ಕಣ್ಣುಗಳ ಸಂದಿನಲ್ಲಿ, ತೊಟ್ಟಿನ ಸುತ್ತ, ಎಳೆ ಚಿಗುರಿನ ಬೆನ್ನಿಗೆ ಹತ್ತಿಯಂತಹ ಬಿಳಿ ಅಂಟಿಕೊಂಡಿದ್ದರೆ ಅದು ಹಿಟ್ಟು ತಿಗಣೆ. ಸೀತಾಫಲದ ಕಾಯಿಯ ಮೇಲ್ಮೈಯಷ್ಟು ಅನುಕೂಲದ ಮನೆ ಅದಕ್ಕೆ ಇನ್ನೊಂದಿಲ್ಲ. ರಸ ಹೀರಿ ಅದು ವಿಸರ್ಜಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗೆ ಮಸಿ ಬಳಿದಂತಾಗುತ್ತದೆ, ಆ ಸಿಹಿಗೆ ಇರುವೆ ಬರುತ್ತದೆ. ಇಲ್ಲಿ ಕ್ರಮ ತಪ್ಪುವವರೇ ಹೆಚ್ಚು: ಮಸಿ ಕಂಡವರು ಶಿಲೀಂಧ್ರನಾಶಕ ತರುತ್ತಾರೆ, ಇರುವೆ ಕಂಡವರು ಇರುವೆ ಪುಡಿ ತರುತ್ತಾರೆ. ಮಸಿ ಹಿಟ್ಟು ತಿಗಣೆಯ ಹಿಂದೆ ಬಂದದ್ದು, ತಿಗಣೆ ಹೋದರೆ ಅದೂ ಹೋಗುತ್ತದೆ. ಆದರೆ ಇರುವೆಯನ್ನು ಮೊದಲು ತಡೆಯಲೇಬೇಕು, ಏಕೆಂದರೆ ತಿಗಣೆಯನ್ನು ತಿನ್ನಲು ಬರುವ ಹುಳುಗಳನ್ನು ಓಡಿಸಿ ಅದಕ್ಕೆ ಕಾವಲು ಕಾಯುವುದು ಇರುವೆಯೇ.

ನೆಲದಿಂದ ಒಂದೂವರೆ ಅಡಿ ಮೇಲೆ ಕಾಂಡಕ್ಕೆ ಗೇಣಗಲದ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ, ಅದರ ಮೇಲೆ ಗ್ರೀಸು ಬಳಿಯಿರಿ. ಗ್ರೀಸನ್ನು ನೇರವಾಗಿ ತೊಗಟೆಗೆ ಬಳಿಯಬಾರದು. ನಾನು ಹೀಗೆ ಪಟ್ಟಿ ಕಟ್ಟಿ ಹೆಮ್ಮೆಯಿಂದ ಕಾದ ಮೇಲೂ ಇರುವೆ ಕಡಿಮೆಯಾಗಲಿಲ್ಲ. ಎರಡು ದಿನ ನಿಂತು ನೋಡಿದಾಗ ಅವು ಮಹಡಿಯಿಂದ ಬಟ್ಟೆ ಒಣಹಾಕುವ ತಂತಿಯ ಮೇಲೆ ಸಾಲಾಗಿ ನಡೆದು ಗಿಡಕ್ಕೆ ಇಳಿಯುತ್ತಿದ್ದವು. ಗೋಡೆ, ತಂತಿ, ಕೇಬಲ್ಲು, ಪಕ್ಕದ ಗಿಡ ಯಾವುದಕ್ಕೂ ಕೊಂಬೆ ತಾಗದಂತೆ ಸವರಿದರೆ ಮಾತ್ರ ಪಟ್ಟಿಗೆ ಅರ್ಥ.

ಆಮೇಲೆ ಪೈಪಿನ ನೀರನ್ನು ರಭಸವಾಗಿ ಬಿಟ್ಟು ತಿಗಣೆಗಳನ್ನು ಬೀಳಿಸಿ. ಉಳಿದವಕ್ಕೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಅದು ನೀರಿನಲ್ಲಿ ಬೆರೆಯುವಷ್ಟು ಸೋಪಿನ ದ್ರಾವಣ ಸೇರಿಸಿ ಸಂಜೆ ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ. ಸಿಂಪಡಿಸುವ ಮೊದಲು ಒಂದು ವಿಷಯ ಗಮನಿಸಬೇಕು. ಬಿಳಿ ಮೇಣದ ಉದ್ದುದ್ದ ಎಳೆಗಳನ್ನು ಹೊದ್ದುಕೊಂಡು, ತಿಗಣೆಗಿಂತ ದೊಡ್ಡದಾಗಿ, ಚುರುಕಾಗಿ ಓಡಾಡುವ ಹುಳು ಕಂಡರೆ ಅದನ್ನು ಮುಟ್ಟಬೇಡಿ. ಅದು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ, ಹಿಟ್ಟು ತಿಗಣೆಯ ವೇಷ ಹಾಕಿಕೊಂಡೇ ಹಿಟ್ಟು ತಿಗಣೆಯನ್ನು ತಿನ್ನುತ್ತದೆ. ಮೂಲತಃ ಆಸ್ಟ್ರೇಲಿಯಾದ್ದಾದ ಈ ಹುಳುವನ್ನು 1898ರಲ್ಲಿ ಕಾಫಿಯ ಶಲ್ಕ ಕೀಟದ ಹತೋಟಿಗೆಂದು ಭಾರತಕ್ಕೆ ತರಲಾಯಿತು, ಅದು ಇಲ್ಲಿಯೇ ನೆಲೆ ನಿಂತಿತು. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ಕೆಲಸವೇ ಇಂತಹ ಮಿತ್ರ ಕೀಟಗಳದ್ದು. 2008ರಲ್ಲಿ ತಮಿಳುನಾಡಿನಲ್ಲಿ ಕಾಣಿಸಿಕೊಂಡು ಹಬ್ಬಿದ ಪರಂಗಿಯ ಹಿಟ್ಟು ತಿಗಣೆಯನ್ನು ಹತೋಟಿಗೆ ತಂದದ್ದು 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ ಪುಟ್ಟ ಕಣಜಗಳು. ಕ್ರಿಪ್ಟೋಲೀಮಸ್ ಮರಿ ನಿಮ್ಮ ಗಿಡದಲ್ಲಿ ಕಂಡರೆ ಬೇವಿನ ಎಣ್ಣೆಯನ್ನೂ ಎತ್ತಿಟ್ಟು ಎರಡು ವಾರ ಸುಮ್ಮನಿರಿ.

ಎಲೆಯನ್ನು ಅಂಚಿನಿಂದ ತಿಂದಿರುವುದು ಕಂಡರೆ ಅದೂ ಹೆಚ್ಚಿನ ಮಟ್ಟಿಗೆ ಗಾಬರಿಯ ವಿಷಯವಲ್ಲ. ಕಪ್ಪು ರೆಕ್ಕೆಯ ಮೇಲೆ ಹಸಿರು ಚುಕ್ಕೆಗಳಿರುವ, ಒಂದು ಕಡೆ ನಿಲ್ಲದೆ ಹಾರಾಡುವ ಚಿಟ್ಟೆಯ ಮರಿ ಅದು. ಬಡಾವಣೆಗಳ ಉದ್ದಕ್ಕೂ ನೆಟ್ಟಿರುವ ಕಂಬದಂತಹ ಅಶೋಕ ಮರಗಳೂ ಸೀತಾಫಲದ ಕುಟುಂಬದವೇ, ಅದರ ಮರಿಗಳಿಗೆ ಅವೂ ಆಹಾರ. ಹತ್ತು ಎಲೆ ಹೋದರೆ ಹೋಗಲಿ.

ಎಲೆ ಹಳದಿಯಾದರೆ

ಯಾವ ಎಲೆ ಎಂದು ನೋಡಿ. ಕೆಳಗಿನ ಹಳೆಯ ಎಲೆಗಳು ಒಂದೇ ಸಮನೆ ಹಳದಿಯಾದರೆ ಸಾರಜನಕದ ಕೊರತೆ, ಅಥವಾ ಡಿಸೆಂಬರು ಬಂದಿದೆ ಎಂದರ್ಥ. ತುದಿಯ ಹೊಸ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಜಾಲದಂತೆ ಉಳಿದಿದ್ದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಆದರೆ ಮನೆ ಕಟ್ಟಿದಾಗ ಪಾಯದ ಸುತ್ತ ತುಂಬಿದ ಗಾರೆ, ಸಿಮೆಂಟಿನ ಚೂರು, ಸುಣ್ಣ ಮಣ್ಣನ್ನು ಕ್ಷಾರವಾಗಿಸಿರುತ್ತವೆ, ಬೋರ್‌ವೆಲ್ಲಿನ ಗಡಸು ನೀರು ವರ್ಷಾನುಗಟ್ಟಲೆ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಕ್ಷಾರ ಮಣ್ಣಿನಲ್ಲಿ ಕಬ್ಬಿಣ ಇದ್ದೂ ಬೇರಿಗೆ ದಕ್ಕುವುದಿಲ್ಲ. ಪಾತಿಯಿಂದ ಒಂದು ಹಿಡಿ ಮಣ್ಣು ತೆಗೆದು ಒಣಗಿಸಿ ಅದರ ಮೇಲೆ ವಿನೆಗರ್ ಸುರಿಯಿರಿ. ಬುರುಬುರು ನೊರೆ ಎದ್ದರೆ ಸುಣ್ಣದ ಅಂಶ ಇರುವುದು ಖಚಿತ.

ತಕ್ಷಣಕ್ಕೆ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟಿಗೆ ಅರ್ಧ ನಿಂಬೆಹಣ್ಣಿನ ರಸ ಹಿಂಡಿ, ಸಂಜೆ ಎಲೆಗಳ ಮೇಲೆ ಸಿಂಪಡಿಸಿದರೆ ಹೊಸ ಚಿಗುರು ಹಸಿರಾಗುತ್ತದೆ. ಕಾಯಂ ಪರಿಹಾರವೆಂದರೆ ಕೈಗೆ ಸಿಕ್ಕುವ ಸಿಮೆಂಟಿನ ಚೂರುಗಳನ್ನು ಆಯ್ದು ತೆಗೆದು, ವರ್ಷವರ್ಷವೂ ಎಲೆಗೊಬ್ಬರ ಸೇರಿಸಿ, ಸಾಧ್ಯವಿದ್ದಷ್ಟು ಮಳೆನೀರನ್ನೇ ಕೊಡುವುದು. ಮಳೆಕೊಯ್ಲಿನ ಡ್ರಮ್ಮನ್ನು ಕಾನೂನಿಗಾಗಿ ಇಟ್ಟು ಮುಚ್ಚಳ ತೆಗೆಯದವರು ಒಮ್ಮೆ ಈ ಗಿಡಕ್ಕೆ ಅದರ ನೀರು ಹಾಕಿ ನೋಡಲಿ.

ಎಲೆ ಹಸಿರಾಗಿಯೇ ಜೋತು ಬಿದ್ದರೆ

ಮಳೆಗಾಲದ ನಡುವೆ, ಮಣ್ಣು ತೇವವಿದ್ದೂ, ಇಡೀ ಗಿಡ ಬಾಯಾರಿದಂತೆ ಬಾಡಿದರೆ ನೀರು ಹಾಕಬೇಡಿ. ಸೀತಾಫಲದ ಬೇರು ಆಳಕ್ಕೆ ಹೋಗುವುದಿಲ್ಲ, ನಿಂತ ನೀರನ್ನು ತಡೆಯುವುದಿಲ್ಲ. ಬುಡದ ಮಣ್ಣನ್ನು ಸರಿಸಿ, ನೆಲಮಟ್ಟದ ತೊಗಟೆಯನ್ನು ಒತ್ತಿ ನೋಡಿ. ಮೆತ್ತಗಾಗಿ, ಕಂದಾಗಿ, ಹುಳಿ ವಾಸನೆ ಬಂದರೆ ಬುಡಕೊಳೆ. ಕೊಳೆ ಕಾಂಡದ ಸುತ್ತಳತೆಯ ಒಂದು ಪಾಲಿಗಷ್ಟೇ ತಗುಲಿದ್ದರೆ ಅದನ್ನು ಹರಿತವಾದ ಚಾಕುವಿನಿಂದ ಗಟ್ಟಿ ಭಾಗದವರೆಗೆ ಕೆತ್ತಿ, ತಾಮ್ರದ ಔಷಧದ ಗಟ್ಟಿ ಸರಿ ಬಳಿದು, ಬುಡವನ್ನು ಗಾಳಿಗೆ ತೆರೆದಿಟ್ಟು, ನೀರು ಹೊರಹೋಗಲು ಕಾಲುವೆ ತೆಗೆಯಿರಿ. ಸುತ್ತಲೂ ಕೊಳೆತಿದ್ದರೆ ಆ ಗಿಡ ಉಳಿಯುವುದಿಲ್ಲ. ಅದೇ ಗುಂಡಿಯಲ್ಲಿ ಇನ್ನೊಂದನ್ನು ನೆಡದೆ, ಒಂದಡಿ ಎತ್ತರದ ದಿಬ್ಬ ಮಾಡಿ ಬೇರೆ ಕಡೆ ನೆಡಿ.

ಕಾಯಿ ಒಡೆಯುವುದು, ಕಿತ್ತ ಕಾಯಿ ಹಣ್ಣಾಗದಿರುವುದು

ಹದಿನೈದು ದಿನ ಒಣಗಿದ ಮೇಲೆ ಸೆಪ್ಟೆಂಬರಿನ ಜಡಿಮಳೆ ಹೊಡೆದರೆ ಬಲಿತ ಕಾಯಿ ಬಿರಿಯುತ್ತದೆ. ಮಳೆಯಿಲ್ಲದ ವಾರಗಳಲ್ಲಿ ನೀರು ತಪ್ಪಿಸದಿದ್ದರೆ ಇದು ಬಹಳಮಟ್ಟಿಗೆ ತಪ್ಪುತ್ತದೆ.

ಹೂವಿನಿಂದ ಕೊಯ್ಲಿಗೆ ಸುಮಾರು ನಾಲ್ಕು ತಿಂಗಳು. ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದು ಈಗ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಎಳೆಯದಾಗಿ ಕಿತ್ತ ಸೀತಾಫಲ ಅಕ್ಕಿ ಡಬ್ಬಿಯಲ್ಲಿಟ್ಟರೂ ಹಣ್ಣಾಗುವುದಿಲ್ಲ, ಕಪ್ಪಾಗಿ ಚರ್ಮ ಸುಕ್ಕುಗಟ್ಟುತ್ತದೆ. ಕಣ್ಣುಗಳು ಉಬ್ಬಿ, ಅವುಗಳ ನಡುವಿನ ಗೆರೆ ಅಗಲವಾಗಿ ಕೆನೆ ಹಳದಿ ಬಣ್ಣಕ್ಕೆ ತಿರುಗಿದ ಮೇಲೆ, ಕಾಯಿ ಇನ್ನೂ ಗಟ್ಟಿಯಿರುವಾಗಲೇ, ತೊಟ್ಟು ಸೇರಿಸಿ ಕತ್ತರಿಸಿ. ಮನೆಯ ಸಾಮಾನ್ಯ ಬಿಸಿಯಲ್ಲಿ ಎರಡರಿಂದ ಐದು ದಿನದೊಳಗೆ ಮೆತ್ತಗಾಗುತ್ತದೆ. ಗಟ್ಟಿ ಕಾಯಿಯನ್ನು ಫ್ರಿಜ್ಜಿನಲ್ಲಿಟ್ಟರೆ ಅದರ ಹಣ್ಣಾಗುವ ಕ್ರಿಯೆಯೇ ಕೆಟ್ಟು ಸಿಪ್ಪೆ ಕಪ್ಪಾಗುತ್ತದೆ. ಹಣ್ಣಾದ ಮೇಲೆ ಒಂದು ದಿನ ಇಟ್ಟು ತಂಪಾಗಿ ತಿನ್ನಬಹುದು.

ತಿಂದ ಮೇಲೆ ಉಳಿಯುವ ಬೀಜದ ವಿಷಯದಲ್ಲಿ ಎಚ್ಚರ ಬೇಕು. ಅದನ್ನು ಅರೆದು ಹೇನಿಗೆ ಹಚ್ಚುವ, ಕುಟ್ಟಿ ನೀರಿಗೆ ಕಲಸಿ ಗಿಡಕ್ಕೆ ಹೊಡೆಯುವ ರೂಢಿ ಕೆಲವು ಮನೆಗಳಲ್ಲಿದೆ. ಬೀಜದ ತಿರುಳು ಕೀಟಗಳಿಗೆ ವಿಷವಾಗಿರುವುದು ನಿಜ, ಆದರೆ ಅದರ ಹುಡಿ ಅಥವಾ ರಸ ಕಣ್ಣಿಗೆ ತಗುಲಿದರೆ ಕಣ್ಣಿನ ಪಾರದರ್ಶಕ ಪೊರೆಗೆ ಗಾಯವಾಗುತ್ತದೆ. ಮನೆಯಲ್ಲಿ ಅದನ್ನು ಅರೆಯಬೇಡಿ. ಹಿಟ್ಟು ತಿಗಣೆಗೆ ಬೇವಿನ ಎಣ್ಣೆ ಸಾಕಾಗುತ್ತದೆ. ಬೀಜವನ್ನು ಬಿತ್ತಲು ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಮಕ್ಕಳ ಕೈಗೆ ಸಿಗದಂತೆ ಮಣ್ಣಿನಲ್ಲಿ ಹೂತುಬಿಡಿ.